ಯಲ್ಲಮ್ಮನ ಗುಡ್ಡಕ್ಕೆ ಕರೆಂಟಿನ ಟಂಟಂ

ಬೈಲಹೊಂಗಲದ ಮಾರುಕಟ್ಟೆಯ ಮುಂದೆ ನಸುಕಿನ ಐದೂವರೆಗೆ ನಿಂತು ನೋಡಿ. ಚಳಿಗಾಲವಾದರೆ ಮನುಷ್ಯರಿಗಿಂತ ಗಾಡಿಗಳೇ ಹೆಚ್ಚು ಕೆಮ್ಮುತ್ತವೆ. ಒಂದು ಲಾರಿ ಹೊಗೆ ಉಗುಳಿ ಹೊರಡುತ್ತದೆ, ಇನ್ನೊಂದನ್ನು ನಾಲ್ಕು ಮಂದಿ ಹಮಾಲರು ನೂಕುತ್ತಾರೆ. 2025ರ ಜನವರಿ 12, ಭಾನುವಾರ. ಮರುದಿನ ಬನದ ಹುಣ್ಣಿಮೆ. ಆ ಗದ್ದಲದ ನಡುವೆ ಒಂದು ಮೂರು ಗಾಲಿಯ ಗಾಡಿ ಸದ್ದೇ ಇಲ್ಲದೆ ಬಂದು ನನ್ನ ಪಕ್ಕ ನಿಂತಿತು.

‘ಹತ್ರಿ ಸರ’ ಎಂದ ಅದರ ಮಾಲೀಕ.

ಮಾಲೀಕ ನನ್ನ ಹಳೆಯ ವಿದ್ಯಾರ್ಥಿ. ಹದಿನೈದು ವರ್ಷದ ಹಿಂದೆ ಹತ್ತನೇ ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ. ಈಗ ಬೆಲ್ಲ, ತೆಂಗಿನಕಾಯಿ, ಕಿರಾಣಿ ಸಾಮಾನು ಸಾಗಿಸುತ್ತಾನೆ. ನಮ್ಮ ಕಡೆ ಇಂಥ ಗಾಡಿಗೆ ಟಂಟಂ ಎನ್ನುತ್ತಾರೆ. ಹಳೆಯ ಇಂಜಿನ್ನಿನ ಸದ್ದಿನಿಂದಲೇ ಆ ಹೆಸರು ಬಂದಿರಬೇಕು. ಇವನದು ಬ್ಯಾಟರಿಯದು. ಟಂ ಎನ್ನುವುದಿಲ್ಲ, ಆದರೂ ಹೆಸರು ಟಂಟಂ.

ನಾನು ಅವನ ಜೊತೆ ಹೊರಟದ್ದಕ್ಕೆ ಒಂದು ಕಾರಣವಿತ್ತು, ಹೇಳಿಬಿಡುತ್ತೇನೆ. 2024ರ ಫೆಬ್ರುವರಿಯಲ್ಲಿ ಅವನು ಮನೆಗೆ ಬಂದಿದ್ದ. ವಿದ್ಯುತ್ ಗಾಡಿಗಳಿಗೆ ಕೇಂದ್ರ ಸರ್ಕಾರ ಕೊಡುತ್ತಿದ್ದ ‘ಫೇಮ್’ ಯೋಜನೆಯ ಎರಡನೇ ಹಂತ ಆ ಮಾರ್ಚ್ 31ಕ್ಕೆ ಮುಗಿಯುವುದಿತ್ತು. ಬೇಗ ತೆಗೆದುಕೊಳ್ಳಿ ಎಂದು ಮಾರುವವರು ಅವಸರ ಮಾಡಿದ್ದರು. ‘ತಗೊಳ್ಳೋದೇನ್ರಿ ಸರ?’ ಎಂದು ಕೇಳಿದ. ನಾನು ಹಳೆಯ ಪ್ರಶ್ನೆಪತ್ರಿಕೆಯೊಂದರ ಹಿಂಬದಿಗೆ ಲೆಕ್ಕ ಹಾಕಿದೆ. ಡೀಸೆಲ್ ಗಾಡಿಗೆ ಕಿಲೋಮೀಟರಿಗೆ ಮೂರು ರೂಪಾಯಿಯಾದರೆ ಕರೆಂಟಿಗೆ ಒಂದು ರೂಪಾಯಿ. ಉಳಿತಾಯ ಎರಡು ರೂಪಾಯಿ. ದಿನಕ್ಕೆ 120 ಕಿ.ಮೀ., ತಿಂಗಳಿಗೆ 25 ದಿನ ಓಡಿಸಿದರೆ 3,000 ಕಿ.ಮೀ. ಅಂದರೆ ತಿಂಗಳಿಗೆ ಆರು ಸಾವಿರ ಉಳಿತಾಯ. ‘ತಗೋ’ ಎಂದೆ. ಅವನ ತಾಯಿ ಎರಡು ಬಳೆ ಒತ್ತೆ ಇಟ್ಟು ಮುಂಗಡ ಕಟ್ಟಿದರು. ಉಳಿದದ್ದು ಸಾಲ.

ಹತ್ತು ತಿಂಗಳ ಮೇಲೆ ಪೇಟೆಯಲ್ಲಿ ಸಿಕ್ಕ. ಹೇಗಿದೆ ಎಂದು ಕೇಳಿದೆ. ‘ನಿಮ್ಮ ಲೆಕ್ಕ ಬರೋಬ್ಬರಿ ಐತ್ರಿ ಸರ. ಖರೆ, ರಸ್ತೆ ಆ ಲೆಕ್ಕದಾಗ ಇಲ್ಲ’ ಎಂದ. ಸಿಟ್ಟಿನಿಂದ ಹೇಳಲಿಲ್ಲ, ನಕ್ಕೇ ಹೇಳಿದ. ಅದೇ ನನಗೆ ಹೆಚ್ಚು ಚುಚ್ಚಿತು. ಮೂವತ್ತು ವರ್ಷ ವಿಜ್ಞಾನ ಕಲಿಸಿದವನು ಪ್ರಯೋಗ ಮಾಡದೆ ಫಲಿತಾಂಶ ಬರೆದುಕೊಟ್ಟಿದ್ದೆ. ಹಾಗಾಗಿ ಸೋಮವಾರಕ್ಕೆ ಒಂದು ಸಿ.ಎಲ್. ಬರೆದುಕೊಟ್ಟು, ಶಾಲೆಯ ಲ್ಯಾಬಿನ ಮಲ್ಟಿಮೀಟರನ್ನು ಚೀಲದಲ್ಲಿ ಹಾಕಿಕೊಂಡು ಹೊರಟೆ.

ರೈಲಿಲ್ಲದ ನಾಲ್ಕು ಊರು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ. ಬೆಳಗಾವಿ ಜಿಲ್ಲೆಯ ತೆಂಕಣ-ಮೂಡಣ ಮೂಲೆಯ ಈ ನಾಲ್ಕು ತಾಲ್ಲೂಕು ಕೇಂದ್ರಗಳಿಗೂ ರೈಲಿಲ್ಲ. ಕಿತ್ತೂರಿನ ಮೇಲೆ ಹಾಯ್ದು ಧಾರವಾಡ-ಬೆಳಗಾವಿ ಕೂಡಿಸುವ ನೇರ ಮಾರ್ಗ ಮಂಜೂರಾಗಿದ್ದರೂ ಅದರ ಮೇಲೆ ಇನ್ನೂ ಗಾಡಿ ಓಡಿಲ್ಲ. ಆದ್ದರಿಂದ ಇಲ್ಲಿ ಬೆಳೆದ ಹತ್ತಿ, ಕಬ್ಬು, ಜೋಳ, ಕಡಲೆ, ಕಾಯಿಸಿದ ಬೆಲ್ಲ, ನೇಯ್ದ ಸೀರೆ ಎಲ್ಲವೂ ರಬ್ಬರ್ ಗಾಲಿಯ ಮೇಲೆಯೇ ಹೋಗಬೇಕು. ಹಿಂದೆ ಚಕ್ಕಡಿ, ಆಮೇಲೆ ಲಾರಿ, 2005ರ ನಂತರ ಪುಟ್ಟ ಟಾಟಾ ಏಸ್‌ಗಳು. ಬಾಡಿಗೆ ಗಾಡಿ ನಿಂತರೆ ಪೇಟೆ ನಿಲ್ಲುತ್ತದೆ.

ಊರ ನಡುವಿನ ರಾಣಿ ಚನ್ನಮ್ಮನ ಸಮಾಧಿಗೆ ಕೈಮುಗಿದು ಮುಂದೆ ಸಾಗಿದೆವು. 1829ರ ಫೆಬ್ರುವರಿಯಲ್ಲಿ ಆ ತಾಯಿ ಇಲ್ಲಿಯೇ ಸೆರೆಯಲ್ಲಿ ತೀರಿಕೊಂಡಳು. ಹಿಂದೆ ಹೇರಿದ್ದು ಸುಮಾರು ಐದು ನೂರು ಕಿಲೋ. ಅರ್ಧ ತೆಂಗಿನಕಾಯಿ, ಅದು ಯಲ್ಲಮ್ಮನ ಗುಡ್ಡದ ಅಂಗಡಿಗೆ. ಉಳಿದರ್ಧ ಬೆಲ್ಲ, ರಾಮದುರ್ಗಕ್ಕೆ. ಮೀಟರಿನಲ್ಲಿ ನೂರಕ್ಕೆ ನೂರು ಚಾರ್ಜ್.

ಎರಡೂ ಕಡೆ ಎರೆಭೂಮಿ. ಜೋಳ ತೆನೆ ಹಿಡಿದಿತ್ತು, ಕಡಲೆಯ ಮೇಲೆ ಮಂಜು ಕೂತಿತ್ತು. ಇಂಜಿನ್ ಸದ್ದಿಲ್ಲದ್ದರಿಂದ ಹಕ್ಕಿಯ ಕೂಗು, ಎತ್ತಿನ ಕೊರಳ ಗೆಜ್ಜೆ ಎಲ್ಲವೂ ಕೇಳುತ್ತಿತ್ತು. ‘ಮದಲ ಸಂಜೀಕ ಮನೀಗ್ ಹೋದ್ರ ನಡಾ ಹಿಡೀತಿತ್ತು, ಕಿವ್ಯಾಗ ಗುಂಯ್ ಅಂತಿತ್ತು. ಈಗ ಅದಿಲ್ರಿ. ಅದೊಂದು ಸುಖಾನ’ ಎಂದ. ಇದನ್ನೂ ಲೆಕ್ಕದಲ್ಲಿ ಬರೆಯಬೇಕು. ಹೊಗೆ ಕುಡಿಯದೆ, ನಡುಗದೆ ದಿನಕ್ಕೆ ಹತ್ತು ತಾಸು ದುಡಿಯುವುದು ಸಣ್ಣ ಲಾಭವಲ್ಲ.

ಅವನ ಬ್ಯಾಟರಿ ಹತ್ತು ಯೂನಿಟ್ಟಿನದು. ಕಾಗದದಲ್ಲಿ ಬರೆದಿರುವುದು 120 ಕಿ.ಮೀ. ಲೋಡು ಹೇರಿ ನಮ್ಮ ರಸ್ತೆಯಲ್ಲಿ ಓಡಿಸಿದರೆ 80, ಹೆಚ್ಚೆಂದರೆ 85. ಇದರಲ್ಲಿ ಯಾರದೂ ಮೋಸವಿಲ್ಲ. ಪರೀಕ್ಷೆಯ ಓಟ ಗೊತ್ತಾದ ವೇಗದಲ್ಲಿ, ಗೊತ್ತಾದ ಕ್ರಮದಲ್ಲಿ ನಡೆಯುತ್ತದೆ. ರಸ್ತೆಯ ಗುಂಡಿ, ಎದುರುಗಾಳಿ, ಸಂತೆಯ ದಿನದ ನಿಂತು ನಿಂತು ಓಟ, ಗಾಲಿಯ ಗಾಳಿ ಕಡಿಮೆಯಾಗಿರುವುದು ಇವೆಲ್ಲ ಅಲ್ಲಿ ಇರುವುದಿಲ್ಲ. ಹುಡುಗರು ಮನೆಯಲ್ಲಿ ಬರೆದು ತಂದ ಉತ್ತರಕ್ಕೂ ಪರೀಕ್ಷೆಯಲ್ಲಿ ಬರೆದ ಉತ್ತರಕ್ಕೂ ಇರುವ ಅಂತರದ ಹಾಗೆ.

ಗುಡ್ಡದ ಲೆಕ್ಕ

ಸವದತ್ತಿ ಹತ್ತಿರವಾಗುತ್ತಿದ್ದಂತೆ ಗುಡ್ಡದ ಸಾಲು ಕಂಡಿತು. ಅದರ ನೆತ್ತಿಯ ಮೇಲೆ ಗಾಳಿಯಂತ್ರಗಳು ನಿಧಾನವಾಗಿ ರೆಕ್ಕೆ ತಿರುಗಿಸುತ್ತಿದ್ದವು. ಊರಿಂದ ಐದು ಕಿ.ಮೀ. ದೂರದ ಯಲ್ಲಮ್ಮನ ಗುಡ್ಡದ ದಾರಿ ತುಂಬ ಜನ, ಬಸ್ಸು, ಟ್ರ್ಯಾಕ್ಟರ್. ಇಷ್ಟು ವರ್ಷವಾದರೂ ಸವಾರಿ ಕಟ್ಟಿದ ಚಕ್ಕಡಿಗಳೂ ಇದ್ದವು. ‘ಉಧೋ ಉಧೋ’ ಎನ್ನುವ ಕೂಗು, ಗಾಳಿಯಲ್ಲೆಲ್ಲ ಭಂಡಾರದ ಹಳದಿ.

ಏರಿನಲ್ಲಿ ನಾನು ಮೀಟರಿನ ಮೇಲೆ ಕಣ್ಣಿಟ್ಟು ಕೂತೆ. ಗಾಡಿ, ಲೋಡು, ನಾವಿಬ್ಬರು ಸೇರಿ ಸುಮಾರು 1,100 ಕಿಲೋ. ಅದನ್ನು ನೂರು ಮೀಟರ್ ಎತ್ತರಕ್ಕೆ ಏರಿಸಲು 1,100ನ್ನು 9.8ರಿಂದ, ಮತ್ತೆ ನೂರರಿಂದ ಗುಣಿಸಬೇಕು. ಹೆಚ್ಚೂಕಡಿಮೆ 10.8 ಲಕ್ಷ ಜೂಲ್. ಒಂದು ಯೂನಿಟ್ ವಿದ್ಯುತ್ತೆಂದರೆ 36 ಲಕ್ಷ ಜೂಲ್. ಅಂದರೆ ನೂರು ಮೀಟರ್ ಏರಿಗೆ ಯೂನಿಟ್ಟಿನ ಮೂರನೇ ಒಂದು ಭಾಗದಷ್ಟು ಕರ್ಚು. ಸಮತಟ್ಟಿನಲ್ಲಿ ಎರಡು ಮೂರು ಕಿ.ಮೀ. ಓಡುವಷ್ಟು. ಇಳಿಯುವಾಗ ಮೋಟಾರೇ ಡೈನಮೊ ಆಗಿ ಸ್ವಲ್ಪ ಹಿಂತಿರುಗಿಸುತ್ತದೆ.

ಸ್ವಿಟ್ಜರ್ಲೆಂಡಿನ ಬೀಲ್ ಊರಿನ ಹತ್ತಿರ ಒಂದು ಸುಣ್ಣಕಲ್ಲಿನ ಗಣಿಯಿದೆ. ಅಲ್ಲಿಯ ವಿದ್ಯುತ್ ಲಾರಿಯೊಂದು ಖಾಲಿ ಏರುತ್ತದೆ, 65 ಟನ್ ಕಲ್ಲು ಹೇರಿಕೊಂಡು ಇಳಿಯುತ್ತದೆ. ಇಳಿಯುವಾಗ ತಯಾರಾದ ವಿದ್ಯುತ್ತೇ ಏರುವುದಕ್ಕೆ ಬಹುಪಾಲು ಸಾಕಾಗುತ್ತದೆ. ಈ ಕಥೆ ಹೇಳಿದೆ. ಶಿಷ್ಯ ನಕ್ಕ. ‘ನಮ್ಮ ಯಲ್ಲವ್ವಂದು ಉಲ್ಟಾ ಐತ್ರಿ ಸರ. ಹೇರಿಕೊಂಡ ಏರಬೇಕು, ಖಾಲಿ ಇಳೀಬೇಕು.’ ಬಾಡಿಗೆ ಗಾಡಿಯವನಿಗೆ ಖಾಲಿ ಎನ್ನುವ ಮಾತೇ ಕಷ್ಟದ್ದು. ಸರಕು ಸಾಗಣೆಯ ಅರ್ಥಶಾಸ್ತ್ರವೆಲ್ಲ ಹೊಳ್ಳಿ ಬರುವಾಗ ಲೋಡು ಸಿಗುತ್ತದೋ ಇಲ್ಲವೋ ಎನ್ನುವುದರಲ್ಲಿದೆ.

ಕಾಯಿ ಇಳಿಸಿ ಊರಿಗೆ ಬಂದಾಗ ಮೀಟರು 40 ತೋರಿಸುತ್ತಿತ್ತು. ರಾಮದುರ್ಗ ಇನ್ನೂ ನಲವತ್ತು ಕಿ.ಮೀ. ‘ಅರ್ಧ ಲೋಡು ಐತಿ, ಹೋದ್ರ ಹೋಗಬಹುದ್ರಿ. ಹೋಗದಿದ್ರ ನಡುದಾರ್‍ಯಾಗ ನಿಂತೀವಿ’ ಎಂದ.

ಹಿಟ್ಟಿನ ಗಿರಣಿಯ ಪ್ಲಗ್ಗು

ಅವನ ಚಾರ್ಜಿಂಗ್ ಸ್ಟೇಷನ್ ಎಂದರೆ ಪರಿಚಯದ ಒಂದು ಹಿಟ್ಟಿನ ಗಿರಣಿ. ಗೋಡೆಯಲ್ಲಿ ಹದಿನೈದು ಆಂಪಿಯರಿನ ಪ್ಲಗ್ಗು. ಚುಚ್ಚುವ ಮೊದಲು ಮಲ್ಟಿಮೀಟರ್ ಹಿಡಿದೆ. 209 ವೋಲ್ಟ್. ಚಾರ್ಜರ್ ಹಾಕಿದ ಮೇಲೆ 190. ಗಿರಣಿಯ ದೊಡ್ಡ ಮೋಟಾರು ಶುರುವಾಯಿತು, 174. ಚಾರ್ಜರಿನ ಕೆಂಪು ದೀಪ ಹತ್ತಿ ಅದು ನಿಂತೇಹೋಯಿತು.

ಮೂವತ್ತು ವರ್ಷದಿಂದ ಕರಿಹಲಗೆಯ ಮೇಲೆ ಬರೆಯುತ್ತಿದ್ದ ಓಮ್‌ನ ನಿಯಮ ಅಲ್ಲಿ ಹಿಟ್ಟು ಮೆತ್ತಿಕೊಂಡು ನಿಂತಿತ್ತು. ಟ್ರಾನ್ಸ್‌ಫಾರ್ಮರಿನಿಂದ ಬರುವ ತಂತಿ ಉದ್ದವಾದಷ್ಟೂ ಅದರ ರೋಧ ಹೆಚ್ಚು. ತಂತಿಯ ರೋಧ ಎರಡು ಓಮ್ ಎಂದಿಟ್ಟುಕೊಳ್ಳಿ. ಹದಿನೈದು ಆಂಪಿಯರ್ ಎಳೆದರೆ ಮೂವತ್ತು ವೋಲ್ಟ್ ದಾರಿಯಲ್ಲಿಯೇ ಕಳೆದುಹೋಗುತ್ತದೆ. ಒಂದು ಗಾಡಿಗೆ ಇಷ್ಟು. ಅದೇ ಓಣಿಯಲ್ಲಿ ಹತ್ತು ಗಾಡಿಗಳು ಒಟ್ಟಿಗೆ ಪ್ಲಗ್ಗು ಚುಚ್ಚಿದರೆ? ತಲೆಯೆತ್ತಿದರೆ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಲೇ ಇದ್ದವು. ಅಲ್ಲಿ ಹುಟ್ಟಿದ ವಿದ್ಯುತ್ತು ದೊಡ್ಡ ತಂತಿಗಳಲ್ಲಿ ಎಲ್ಲೆಲ್ಲಿಗೋ ಹೋಗುತ್ತದೆ. ಬೆಟ್ಟದ ಬುಡದ ಗಿರಣಿಗೆ ಮುಟ್ಟುವ ಹೊತ್ತಿಗೆ 174 ವೋಲ್ಟು. ನಾಡಿನಲ್ಲಿ ವಿದ್ಯುತ್ ಇಲ್ಲವೆಂದಲ್ಲ, ಕೊನೆಯ ಅರ್ಧ ಕಿಲೋಮೀಟರು ಸಣ್ಣದು.

ಗಿರಣಿಯಾತ ಒಳ್ಳೆಯ ಮನುಷ್ಯ. ‘ನಿಮ್ಮ ಗಾಡಿ ಕುಡೀಲಿ, ನನ್ನ ಜ್ವಾಳ ನಿಲ್ಲಲಿ’ ಎಂದು ನಗುತ್ತ ದೊಡ್ಡ ಮೋಟಾರನ್ನು ಆಗಾಗ ನಿಲ್ಲಿಸಿದ. ದುಡ್ಡು ಎಷ್ಟು ಕೊಡಬೇಕೆಂದು ಇಬ್ಬರಿಗೂ ಗೊತ್ತಿಲ್ಲ. ಐವತ್ತು ರೂಪಾಯಿ, ಜೊತೆಗೆ ಚಹಾ. ಮೂರು ತಾಸು ಕಳೆದು ಮೀಟರು 78ಕ್ಕೆ ಬಂತು. ಅಷ್ಟರಲ್ಲಿ ಬೈಲಹೊಂಗಲದಿಂದ ನಮ್ಮ ಜೊತೆಯೇ ಹೊರಟಿದ್ದ ಒಂದು ಡೀಸೆಲ್ ಗಾಡಿ ರಾಮದುರ್ಗದಲ್ಲಿ ಲೋಡು ಇಳಿಸಿ ಹೊಳ್ಳಿ ಹೊರಟ ಸುದ್ದಿ ಮೊಬೈಲಿಗೆ ಬಂತು.

ಅಲ್ಲಿ ಕೂತು ನನ್ನ ಹಳೆಯ ಲೆಕ್ಕ ತಿದ್ದಿದೆ. ಕಿಲೋಮೀಟರಿಗೆ ಎರಡು ರೂಪಾಯಿ ಉಳಿಯುವುದು ನಿಜ. ಆದರೆ ಅವನು ದಿನಕ್ಕೆ 120 ಅಲ್ಲ, ಸರಾಸರಿ 70 ಕಿ.ಮೀ. ಓಡಿಸುತ್ತಾನೆ. ತಿಂಗಳಿಗೆ 1,750. ಉಳಿತಾಯ ಆರು ಸಾವಿರವಲ್ಲ, ಮೂರೂವರೆ ಸಾವಿರ. ವಿದ್ಯುತ್ ಗಾಡಿಯ ಲಾಭ ಓಡಿದಷ್ಟೂ ಹೆಚ್ಚು, ಆದರೆ ಹೆಚ್ಚು ಓಡಲು ಅದಕ್ಕೆ ಬ್ಯಾಟರಿ ಸಾಲದು. ಸಾಲದ ಕಂತು ಮಾತ್ರ ಗಾಡಿ ಓಡಿದರೂ ನಿಂತರೂ ಒಂದೇ.

ಮನೆಯಲ್ಲಿ ಚಾರ್ಜ್ ಮಾಡುವುದರಲ್ಲೂ ಒಂದು ತೊಡಕಿತ್ತು. 2023ರಿಂದ ಗೃಹಜ್ಯೋತಿಯಲ್ಲಿ ಅವನ ಮನೆಗೆ ಬಿಲ್ಲು ಬರುತ್ತಿರಲಿಲ್ಲ. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕೆನ್ನುವುದು ಆ ಯೋಜನೆಯ ನಿಯಮ. ಗಾಡಿ ಒಂದೇ ಇನ್ನೂರಕ್ಕೂ ಹೆಚ್ಚು ಕುಡಿಯುತ್ತದೆ. ಮೊದಲ ತಿಂಗಳ ಬಿಲ್ಲು ನೋಡಿ ತಾಯಿ, ‘ಗಾಡಿ ತಂದಿಯೋ, ಬಿಲ್ ತಂದಿಯೋ’ ಎಂದರಂತೆ. ಆಮೇಲೆ ಗಾಡಿಗೆಂದೇ ಬೇರೆ ಮೀಟರು ಹಾಕಿಸಿಕೊಂಡ.

ಅಪ್ಪನ ಚಕ್ಕಡಿ

ರಾಮದುರ್ಗದ ದಾರಿ ನನ್ನ ಬಾಲ್ಯದ ದಾರಿ. ಆ ತಾಲ್ಲೂಕಿನ ಹಳ್ಳಿಯೊಂದರಿಂದ ಅಪ್ಪ ಚಕ್ಕಡಿ ಕಟ್ಟಿಕೊಂಡು ಯಲ್ಲಮ್ಮನ ಗುಡ್ಡಕ್ಕೆ ಹೊರಡುತ್ತಿದ್ದರು. ನಾನು ಕಣಿಕಿಯ ಮೇಲೆ ಮಲಗಿರುತ್ತಿದ್ದೆ. ಎಲ್ಲಿ ಕೊಳ್ಳು ಹರಿಯಬೇಕು, ಯಾವ ಹುಣಸೆಮರದ ನೆರಳು ದೊಡ್ಡದು, ಯಾವ ಬಾವಿಗೆ ದೋಣಿಯಿದೆ ಎಲ್ಲ ಅಪ್ಪನಿಗೆ ಗೊತ್ತಿತ್ತು. ಎತ್ತಿಗೆ ದಣಿವಾಗುವ ಮೊದಲೇ ನಿಲ್ಲುತ್ತಿದ್ದರು. ‘ಎತ್ತು ದಣಿಸಿ ಹೋದ್ರ ಯಲ್ಲವ್ವ ಮಾರಿ ತೋರಸೂದಿಲ್ಲ’ ಎನ್ನುತ್ತಿದ್ದರು.

ಈಗ ಯೋಚಿಸಿದರೆ ಆ ಬಾವಿ, ಕಲ್ಲಿನ ದೋಣಿ, ಧರ್ಮಶಾಲೆ, ಬೇಸಿಗೆಯ ಅರವಟ್ಟಿಗೆ ಇವೆಲ್ಲ ಎತ್ತಿನ ಗಾಡಿಯ ಚಾರ್ಜಿಂಗ್ ಸ್ಟೇಷನ್ನುಗಳೇ. ಎತ್ತು ಎಷ್ಟು ದೂರ ನಡೆದೀತು ಎನ್ನುವ ಲೆಕ್ಕದ ಮೇಲೆ ರಸ್ತೆ ಬೆಳೆದಿತ್ತು. ಆಮೇಲೆ ಬಂದ ಡೀಸೆಲ್ ಲಾರಿಗೆ ಆ ಲೆಕ್ಕ ಬೇಡವಾಯಿತು. ಬಾವಿಗಳು ಹೂಳು ತುಂಬಿದವು, ಪೆಟ್ರೋಲ್ ಬಂಕುಗಳು ಬಂದವು. ಈಗ ಮತ್ತೆ ದಣಿಯುವ ಗಾಡಿ ಬಂದಿದೆ. ಅದು ದಣಿದಾಗ ನಿಲ್ಲಿಸಲು ದಾರಿಯಲ್ಲಿ ಏನೂ ಇಲ್ಲ, ಗಿರಣಿಯಾತನ ಒಳ್ಳೆಯತನ ಒಂದು ಬಿಟ್ಟು.

ಮಲಪ್ರಭೆಯ ದಂಡೆಯ ರಾಮದುರ್ಗ ಮುಟ್ಟಿದಾಗ ಮೀಟರಿನಲ್ಲಿ 35. ಭಾವೆ ಮನೆತನದ ಸಂಸ್ಥಾನವಾಗಿದ್ದು 1948ರಲ್ಲಿ ವಿಲೀನವಾದ ಊರು ಇದು. ಇಂದಿಗೂ ಓಣಿಗಳಲ್ಲಿ ಮಗ್ಗದ ಸದ್ದಿದೆ. ಬೆಲ್ಲ ಇಳಿಸಿ ರಾತ್ರಿ ಶಿಷ್ಯನ ಅತ್ತೆಯ ಮನೆಯಲ್ಲಿ ಉಳಿದೆವು. ಹತ್ತರ ಮೇಲೆ ಓಣಿಯ ದೀಪಗಳು ಆರಿದಾಗ ವೋಲ್ಟೇಜ್ 226ಕ್ಕೆ ಏರಿತು. ಗಾಡಿ ಬೆಳಗಿನವರೆಗೆ ಹೊಟ್ಟೆ ತುಂಬ ಉಂಡಿತು.

ಕಟ್ಟೆಯ ಮೇಲೆ ಕೂತು ಅವನು ಬೇಸಿಗೆಯ ಕಥೆ ಹೇಳಿದ. ಮೇ ತಿಂಗಳ ಮಧ್ಯಾಹ್ನ ಇಲ್ಲಿಗೆ ಬಂದರೆ ಬ್ಯಾಟರಿ ಕಾದಿರುತ್ತಿತ್ತು, ತಣಿಯುವವರೆಗೆ ಚಾರ್ಜರ್ ಒಪ್ಪುತ್ತಿರಲಿಲ್ಲ. ಲಿಥಿಯಂ ಬ್ಯಾಟರಿಯ ಒಳಗೆ ಬೇಕಾದ ರಾಸಾಯನಿಕ ಕ್ರಿಯೆಯ ಜೊತೆ ಬೇಡದ ಕ್ರಿಯೆಗಳೂ ನಡೆಯುತ್ತವೆ. ಬಿಸಿ ಹೆಚ್ಚಾದಷ್ಟೂ ಅವು ಚುರುಕಾಗಿ ಬ್ಯಾಟರಿಯ ಆಯುಷ್ಯ ತಿನ್ನುತ್ತವೆ. ಯಂತ್ರ ತಾನೇ ತಡೆದುಕೊಳ್ಳುವುದು ಒಳ್ಳೆಯದೇ. ಆದರೆ ಲೋಡಿನ ಮಾಲೀಕ ಕಾಯುವುದಿಲ್ಲ. ಮಳೆಗಾಲದಲ್ಲಿ ಒಮ್ಮೆ ಒಂದು ಬಿಡಿಭಾಗ ಕೆಟ್ಟು, ಅದು ದೂರದಿಂದ ಬರುವವರೆಗೆ ಹನ್ನೊಂದು ದಿನ ಗಾಡಿ ಮನೆಯ ಮುಂದೆ ನಿಂತಿತ್ತು. ‘ಡೀಸೆಲ್ ಗಾಡಿ ಆಗಿದ್ರ ಯಾವ ಹಳ್ಳ್ಯಾಗರ ಒಬ್ಬ ಮಿಸ್ತ್ರಿ ಪಾನಾ ಹಿಡಕೊಂಡ ಬರತಿದ್ದ. ಇದನ್ನ ಬಿಚ್ಚಾಕ ಎಲ್ಲಾರೂ ಅಂಜತಾರ್ರಿ’ ಎಂದ. ಆ ತಿಂಗಳ ಕಂತಿಗೆ ಇನ್ನೊಂದು ಬಳೆ ಹೋಯಿತು. ಅದನ್ನು ಅವನು ಹೇಳಲಿಲ್ಲ, ಅತ್ತೆ ಹೇಳಿದರು. ನನಗೆ ಆ ರಾತ್ರಿ ನಿದ್ದೆ ಸರಿಯಾಗಿ ಹತ್ತಲಿಲ್ಲ.

ಸೋಮವಾರ ಸೀರೆಯ ಗಂಟುಗಳನ್ನು ಹೇರಿಕೊಂಡು ಹೊಳ್ಳಿದೆವು. ಸೀರೆ ಹಗುರ, ಗುಡ್ಡ ಹತ್ತುವುದಿಲ್ಲ, ಸವದತ್ತಿಯಲ್ಲಿ ಒಂದು ತಾಸು ಮಾತ್ರ ನಿಂತೆವು. ನಾಲ್ಕು ಗಂಟೆಗೆ ಬೈಲಹೊಂಗಲ.

ಹೆದ್ದಾರಿಯ ದೀಪ

ಮರುದಿನ ಸಂಕ್ರಾಂತಿಯ ರಜೆ. ಕಿತ್ತೂರಿಗೆ ಒಂದು ಬಾಡಿಗೆ ಬಂತು, ನಾನೂ ಹೋದೆ. 1824ರ ಅಕ್ಟೋಬರ್ 23ರಂದು ಥ್ಯಾಕರೆ ಬಿದ್ದ ಕೋಟೆಯ ಊರು. ಆ ವಿಜಯಕ್ಕೆ 2024ರಲ್ಲಿ ಇನ್ನೂರು ವರ್ಷ ತುಂಬಿತು. ಈಗ ಅದರ ಪಕ್ಕದಲ್ಲಿಯೇ ಬೆಂಗಳೂರು-ಪುಣೆ ಹೆದ್ದಾರಿ ಹಾಯ್ದಿದೆ. ಹೆದ್ದಾರಿ ಬದಿಯ ಒಂದು ಹೋಟೆಲಿನಲ್ಲಿ ಜೋರು ಚಾರ್ಜರ್ ಇತ್ತು. ಒಂದು ಕಾರು ನಿಂತು ಊಟ ಮುಗಿಸುವುದರೊಳಗೆ ತುಂಬಿಸಿಕೊಂಡು ಹೋಯಿತು. ನಾವೂ ಹೋಗಿ ನಿಂತೆವು. ಅದರ ಬಾಯಿಯೇ ಬೇರೆ, ನಮ್ಮ ಗಾಡಿಯ ಬಾಯಿಯೇ ಬೇರೆ. ಕಾರಿಗೆ ಹೊಂದುವ ಪ್ಲಗ್ಗು ಮೂರು ಗಾಲಿಗೆ ಹೊಂದುವುದಿಲ್ಲ. ಡೀಸೆಲ್ ಬಂಕಿನ ನಳಿಗೆ ಯಾವ ಲಾರಿಗೂ ಹಿಡಿಯುತ್ತದಲ್ಲ, ಅಂಥ ಒಂದು ಪ್ಲಗ್ಗು ಎಲ್ಲ ಗಾಡಿಗೂ ಆಗುವವರೆಗೆ ಈ ತಾಪತ್ರಯ ತಪ್ಪದು.

ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಯ ಕಡೆ ಕಬ್ಬಿನ ಲಾರಿ, ಜೋಡಿ ಟ್ರೇಲರಿನ ಟ್ರ್ಯಾಕ್ಟರ್‌ಗಳು ಹಾಡು ಹಚ್ಚಿಕೊಂಡು ಸಾಲುಗಟ್ಟಿ ಹೋಗುತ್ತಿದ್ದವು. ‘ಇವೂ ಕರೆಂಟಿನ್ಯಾವು ಆಗತಾವೇನ್ರಿ?’ ಎಂದು ಕೇಳಿದ. ಈ ಸಲ ಅವಸರ ಮಾಡದೆ ಲೆಕ್ಕ ಹಾಕಿದೆ. ಒಂದು ಲೀಟರ್ ಡೀಸೆಲಿನಲ್ಲಿ ಸುಮಾರು ಹತ್ತು ಯೂನಿಟ್ ಶಕ್ತಿಯಿದೆ. 200 ಲೀಟರಿನ ಟಾಕಿಯಲ್ಲಿ 2,000 ಯೂನಿಟ್. ಇಂಜಿನ್ನು ಅದರಲ್ಲಿ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು, ಅಂದರೆ 700 ಯೂನಿಟ್ ಮಾತ್ರ ಗಾಲಿಗೆ ಮುಟ್ಟಿಸುತ್ತದೆ. ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಮೋಟಾರು ನೂರಕ್ಕೆ ತೊಂಬತ್ತು ಮುಟ್ಟಿಸುತ್ತದೆ, ಹಾಗಾಗಿ 780 ಯೂನಿಟ್ಟಿನ ಬ್ಯಾಟರಿ ಸಾಕು. ಆದರೆ ಇಂದಿನ ಬ್ಯಾಟರಿ ಕಿಲೋ ಒಂದಕ್ಕೆ 140 ವಾಟ್-ತಾಸು ಹಿಡಿಯುತ್ತದೆಂದರೂ ಅದರ ತೂಕ ಐದೂವರೆ ಟನ್. ಡೀಸೆಲಿನ ತೂಕ 170 ಕಿಲೋ. ಕಬ್ಬು ಹೇರುವ ಜಾಗದಲ್ಲಿ ಬ್ಯಾಟರಿ ಹೇರಿಕೊಂಡು ತಿರುಗುವವರು ಯಾರು?

ಹಾಗೆಂದು ಆಗುವುದೇ ಇಲ್ಲವೆಂದಲ್ಲ. ಕಬ್ಬಿನ ಲಾರಿ ದಿನಾ ಐನೂರು ಕಿಲೋಮೀಟರ್ ಹೋಗುವುದಿಲ್ಲ. ಹೊಲದಿಂದ ಕಾರ್ಖಾನೆಗೆ ಇಪ್ಪತ್ತು ಮೂವತ್ತು ಕಿ.ಮೀ., ಅಲ್ಲಿ ಸರದಿಯಲ್ಲಿ ತಾಸುಗಟ್ಟಲೆ ನಿಲ್ಲುತ್ತದೆ. ಸಕ್ಕರೆ ಕಾರ್ಖಾನೆಗಳು ಕಬ್ಬಿನ ಸಿಪ್ಪೆ ಸುಟ್ಟು ವಿದ್ಯುತ್ ತಯಾರಿಸುವುದು ಹೊಸತಲ್ಲ. ನಿಂತಲ್ಲೇ ಚಾರ್ಜ್ ಸಿಕ್ಕರೆ ಸಣ್ಣ ಬ್ಯಾಟರಿಯೇ ಸಾಕು. 2024ರ ಅಕ್ಟೋಬರಿನಲ್ಲಿ ಶುರುವಾದ, 10,900 ಕೋಟಿ ರೂಪಾಯಿಯ ಪಿ.ಎಂ. ಇ-ಡ್ರೈವ್ ಯೋಜನೆಯಲ್ಲಿ ವಿದ್ಯುತ್ ಲಾರಿಗಳಿಗೆಂದು 500 ಕೋಟಿ ಇಟ್ಟಿದ್ದಾರೆ. 2025ರ ಜುಲೈನ ನಿಯಮದಂತೆ ಒಂದು ಲಾರಿಗೆ 9.6 ಲಕ್ಷದವರೆಗೆ ನೆರವಿದೆ, ಹಳೆಯ ಲಾರಿಯನ್ನು ಗುಜರಿಗೆ ಹಾಕಿದ ಪತ್ರ ತೋರಿಸಬೇಕು. ವಿದ್ಯುತ್ ವಾಹನಗಳಿಗೆ ಪ್ರತ್ಯೇಕ ನೀತಿ ಮಾಡಿದ ಮೊದಲ ರಾಜ್ಯ ನಮ್ಮದೇ, 2017ರಲ್ಲಿ. ಬ್ಯಾಟರಿ ಗಾಡಿಗೆ 2018ರಿಂದ ಪರ್ಮಿಟ್ ಬೇಡ, 2019ರಿಂದ ಜಿಎಸ್‌ಟಿ ನೂರಕ್ಕೆ ಐದು. ಇತ್ತ 2025ರ ಸೆಪ್ಟೆಂಬರಿನಲ್ಲಿ ಡೀಸೆಲ್ ಟಂಟಂಗಳ ಜಿಎಸ್‌ಟಿಯನ್ನೂ 28ರಿಂದ 18ಕ್ಕೆ ಇಳಿಸಿದ್ದರಿಂದ ಬೆಲೆಯ ಅಂತರದಲ್ಲಿ ಮತ್ತೆ ಏರುಪೇರಾಗಿದೆ. ನೆರವೆಲ್ಲ ಗಾಡಿ ಕೊಳ್ಳುವ ದಿನಕ್ಕೆ ಬರುತ್ತದೆ. ಗಿರಣಿಯ ಗೋಡೆಯ 174 ವೋಲ್ಟಿಗೆ, ಹನ್ನೊಂದು ದಿನ ಬಾರದ ಬಿಡಿಭಾಗಕ್ಕೆ, ಮಿಸ್ತ್ರಿಗೆ ಕೊಡಬೇಕಾದ ತರಬೇತಿಗೆ ಅಷ್ಟು ಸುಲಭವಾಗಿ ಬರುವುದಿಲ್ಲ.

ಹೊಳ್ಳಿ ಬರುವಾಗ ಶಿಷ್ಯ ಇನ್ನೊಂದು ಮಾತು ತೆಗೆದ. ಅವನ ತಮ್ಮನೂ ಗಾಡಿ ತೆಗೆದುಕೊಳ್ಳಬೇಕೆಂದಿದ್ದಾನೆ. ‘ಅವಗೇನ್ ಹೇಳ್ತೀರಿ ಸರ?’

ಬಹಳ ಹೊತ್ತು ಸುಮ್ಮನಿದ್ದೆ. ಆಮೇಲೆ ಹೇಳಿದೆ: ‘ಅವ ಬೈಲಹೊಂಗಲದಾಗ ಸುತ್ತೂ ಹಳ್ಳಿಗೆ ದಿನಾ ಹಾಲು, ಕಿರಾಣಿ ಒಯ್ಯಾಂವ ಇದ್ರ, ಸಂಜೀಕ ಮನಿಗೆ ಬರಾಂವ ಇದ್ರ, ಕಣ್ಣು ಮುಚ್ಚಿ ಕರೆಂಟಿಂದು ತಗೋಳ್ಳಿ. ಹತ್ತು ಮಂದಿ ಕೂಡಿ ಒಬ್ಬ ಮಿಸ್ತ್ರಿ ಹುಡುಗನ್ನ ತಯಾರ ಮಾಡ್ರಿ. ರಾಮದುರ್ಗದ ಬಾಡಿಗಿ ಮಾಡಾಂವ ಇದ್ರ ದಾರ್‍ಯಾಗ ಎರಡು ಖಾತ್ರಿ ಪ್ಲಗ್ಗು ಆಗೂಮಟ ತಡೀಲಿ.’ ಅವನು ತಲೆಯಾಡಿಸಿದ. ‘ಈ ಸಲ ರಸ್ತೆ ಹಿಡದ ಲೆಕ್ಕ ಹಾಕೀರಿ ಸರ’ ಎಂದ.

ನೀನೇನು ಮಾಡುತ್ತೀ ಎಂದು ಕೇಳಿದೆ. ರಾಮದುರ್ಗದ ಬಾಡಿಗೆಯನ್ನು ವಾರಕ್ಕೆ ಒಂದಕ್ಕೆ ಇಳಿಸಿ, ಉಳಿದ ದಿನ ಹತ್ತಿರದ ಹಳ್ಳಿಗಳನ್ನೇ ಹಿಡಿದಿದ್ದಾನಂತೆ. ‘ಮುಂದಿನ ಯುಗಾದಿಗೆ ಅವ್ವನ ಬಳಿ ಬಿಡಿಸ್ತೀನಿ’ ಎಂದ. ಮಾರುವ ವಿಚಾರವಿಲ್ಲ. ಮಾರಿದರೂ ಕೊಳ್ಳುವವರು ಬ್ಯಾಟರಿಗೆ ಹೆದರಿ ಅರ್ಧ ಬೆಲೆಗೆ ಕೇಳುತ್ತಾರೆ.

ಬುಧವಾರ ಹತ್ತನೇ ತರಗತಿಯಲ್ಲಿ ವಿದ್ಯುತ್ತಿನ ಪಾಠ ಪುನರಾವರ್ತನೆ. ಪುಸ್ತಕದ ಲೆಕ್ಕ ಬಿಟ್ಟು ಹಲಗೆಯ ಮೇಲೆ ಬರೆದೆ: ‘ಹತ್ತು ಯೂನಿಟ್ ಬ್ಯಾಟರಿಯ ಗಾಡಿ ಐನೂರು ಕಿಲೋ ಬೆಲ್ಲ ಹೇರಿಕೊಂಡು ಬೈಲಹೊಂಗಲದಿಂದ ರಾಮದುರ್ಗಕ್ಕೆ ಹೊರಟಿದೆ. ಯೂನಿಟ್ಟಿಗೆ ಎಂಟು ಕಿಲೋಮೀಟರ್. ಎಲ್ಲಿ, ಎಷ್ಟು ಹೊತ್ತು ಚಾರ್ಜ್ ಮಾಡಬೇಕು?’ ಮಕ್ಕಳು ಗುದ್ದಾಡಿ ಉತ್ತರ ತೆಗೆದರು. ಕೊನೆಯ ಬೆಂಚಿನ ಹುಡುಗನೊಬ್ಬ ಬರೆಯದೆ ಕೂತಿದ್ದ. ಯಾಕೋ ಎಂದೆ. ಎದ್ದು ನಿಂತು, ‘ಸರ, ಅಲ್ಲಿ ಕರೆಂಟ್ ಹೋಗಿದ್ರ?’ ಎಂದ. ತರಗತಿಯೆಲ್ಲ ನಕ್ಕಿತು. ಆ ಪ್ರಶ್ನೆಗೆ ಎಷ್ಟು ಅಂಕ ಕೊಡಬೇಕೆಂದು ನಾನು ಇನ್ನೂ ಯೋಚಿಸುತ್ತಿದ್ದೇನೆ.